ಚೀಟಿ ಮೊದಲು, ಹುಳು ಆಮೇಲೆ

ಪದವಿ ತರಗತಿಯ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳನ್ನು ಕೀಟ ಸಂಗ್ರಹಕ್ಕೆಂದು ಮೊದಲ ಸಲ ತೀರ್ಥಹಳ್ಳಿಯ ಸುತ್ತಲಿನ ಗದ್ದೆ, ತೋಟಗಳಿಗೆ ಕರೆದೊಯ್ದಾಗ, ಬಲೆ ಬೀಸುವುದನ್ನು ಕಲಿಸಿದರೆ ಸಾಕೆಂದು ತಿಳಿದಿದ್ದೆ. ಸಂಜೆಯ ಹೊತ್ತಿಗೆ ಪೆಟ್ಟಿಗೆ ತುಂಬಿತ್ತು. ಅದರಲ್ಲಿ ಹಸಿರು ಲೋಹದಂತೆ ಹೊಳೆಯುವ ಒಂದು ದುಂಬಿಯಿತ್ತು. ಅದು ಯಾವ ಗಿಡದ ಮೇಲೆ, ಯಾರಿಗೆ ಸಿಕ್ಕಿತೆಂದು ಕೇಳಿದರೆ ಒಬ್ಬರಿಗೂ ನೆನಪಿರಲಿಲ್ಲ. ಒಂದು ಜೀವವನ್ನು ಕೊಂದೂ ಅದರ ಬಗ್ಗೆ ಏನನ್ನೂ ತಿಳಿಯದೆ ಹೋದೆವಲ್ಲ ಎಂಬ ನೋವು ನನ್ನನ್ನು ಬಹಳ ದಿನ ಕಾಡಿತು.

ಮರುವರ್ಷದಿಂದ ಕ್ರಮವನ್ನೇ ಬದಲಿಸಿದೆ. ಸ್ಥಳ, ದಿನಾಂಕ, ಹೊತ್ತು, ಹುಳು ಕುಳಿತಿದ್ದ ಗಿಡ, ಹಿಡಿದವರ ಹೆಸರು, ಇಷ್ಟನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದ ಮೇಲೆಯೇ ಹುಳು ಸೀಸೆಗೆ ಹೋಗಬೇಕು. ಮೆದು ಮೈಯ ಹುಳುಗಳನ್ನು ಶೇಕಡ 70ರ ಆಲ್ಕೋಹಾಲಿನಲ್ಲಿ ಇಡುವುದರಿಂದ ಪೆನ್ನಿನ ಶಾಯಿ ಕರಗಿಬಿಡುತ್ತದೆ, ಪೆನ್ಸಿಲ್ ಬರಹ ಉಳಿಯುತ್ತದೆ. ಹೋಗುವ ಮೊದಲು ಜಮೀನಿನವರ ಒಪ್ಪಿಗೆ ಪಡೆಯುತ್ತೇವೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನೊಳಗೆ ಸಂಗ್ರಹಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಹಲವು ಚಿಟ್ಟೆಗಳೂ ಇರುವುದರಿಂದ ಚಿಟ್ಟೆಗಳ ಚಿತ್ರವನ್ನಷ್ಟೇ ತೆಗೆಯುತ್ತೇವೆ.

ಬಲೆಯ ಕೆಲಸದಲ್ಲಿ ಮಕ್ಕಳು ಹೆಚ್ಚು ಎಡವುವುದು ಬೀಸುವಾಗಲ್ಲ, ಬೀಸಿದ ಮೇಲೆ. ಹುಲ್ಲಿನ ಮೇಲೆ ನಾಲ್ಕಾರು ಸಲ ಬೀಸಿ, ಕೊನೆಯಲ್ಲಿ ಮಣಿಕಟ್ಟನ್ನು ತಿರುಗಿಸಿ ಬಲೆಯ ಬಟ್ಟೆಯನ್ನು ಅದರ ಬಾಯಿಯ ಬಳೆಯ ಮೇಲೆ ಮಡಚಬೇಕು. ಇಲ್ಲವಾದರೆ ಮಿಡತೆಯು ಬಂದ ದಾರಿಯಲ್ಲೇ ಹಾರಿಹೋಗುತ್ತದೆ. ಹೆಚ್ಚಿನ ಹುಳುಗಳು ಬೆಳಕಿನ ಕಡೆಗೆ, ಮೇಲಕ್ಕೆ ಹತ್ತುತ್ತವೆಯಾದ್ದರಿಂದ ಬಲೆಯ ತುದಿಯನ್ನು ಎತ್ತಿ ಹಿಡಿದು, ಸೀಸೆಯನ್ನು ಕೆಳಗಿನಿಂದ ಒಳಸೇರಿಸಿ ಹುಳುವನ್ನು ಮುಚ್ಚಿದರೆ ಬೆರಳು ತಾಗಿಸದೆಯೇ ಹಿಡಿಯಬಹುದು. ಸೀಸೆಯ ತಳದ ಪ್ಲಾಸ್ಟರಿಗೆ, ಹುಳುವನ್ನು ಕೊಲ್ಲುವ ದ್ರವವಾದ ಈಥೈಲ್ ಅಸಿಟೇಟ್ ಹಾಕುವ ಕೆಲಸವನ್ನು ಮಾತ್ರ ನಾನೇ ಮಾಡುತ್ತೇನೆ. ಒಂದು ಬಗೆಯ ಹುಳುವಿಗೆ ಒಂದೆರಡು ಮಾದರಿ ಸಾಕು, ಉಳಿದವನ್ನು ಅಲ್ಲಿಯೇ ಬಿಡಬೇಕು.

ದುಂಬಿಗೆ ಸೂಜಿಯನ್ನು ನಡುವೆ ಚುಚ್ಚದೆ ಬಲಗಡೆಯ ಗಟ್ಟಿ ರೆಕ್ಕೆಯ ಮೂಲಕ ಚುಚ್ಚುತ್ತೇವೆ. ಗುರುತಿಸಲು ಬೇಕಾದ ಲಕ್ಷಣಗಳು ನಡುಗೆರೆಯ ಬಳಿಯೂ ಇರುವುದರಿಂದ ಆ ಭಾಗ ಕೆಡಬಾರದು, ಎಡಗಡೆಯೂ ಪೂರ್ತಿಯಾಗಿ ಉಳಿಯಬೇಕು. ಅದೇ ಸೂಜಿಗೆ, ಹುಳುವಿನ ಕೆಳಗೆ, ಅದರ ಚೀಟಿ.

ಕಳೆದ ಸಲ ಗೋಮಾಳದಲ್ಲಿ ಸಗಣಿ ಹುಳುಗಳನ್ನು ಹಿಡಿದ ಒಬ್ಬ ವಿದ್ಯಾರ್ಥಿನಿ ಚೀಟಿಗಳನ್ನು ಮೇಜಿನ ಮೇಲೆ ಹೊತ್ತಿನ ಪ್ರಕಾರ ಜೋಡಿಸಿ ನನ್ನನ್ನು ಕರೆದಳು. "ಸರ್, ಬೆಳಿಗ್ಗೆ ಸಿಕ್ಕಿದ್ದೇ ಬೇರೆ, ಮುಸ್ಸಂಜೆ ಸಿಕ್ಕಿದ್ದೇ ಬೇರೆ. ರಾತ್ರಿ ಯಾವುದು ಬರುತ್ತೆ ಅಂತ ನೋಡೋಣ್ವಾ?" ಎಂದು ಕೇಳಿದಳು. ಮುಂದಿನ ಪ್ರವಾಸವನ್ನು ಒಂದು ರಾತ್ರಿ ತಂಗುವಂತೆ ಗೊತ್ತುಮಾಡಿದ್ದೇವೆ.