ಮಡಚಿದ ಎಲೆಯ ಹಿಂದೆ ಮೂರು ಮಳೆಗಾಲ

ರಾಕೋಫೋರಸ್ ಲ್ಯಾಟರಾಲಿಸ್ ಎಂಬ ಮರಗಪ್ಪೆ ಎಲ್ಲೆಲ್ಲಿದೆ ಎಂದು ಗುರುತಿಸುವ ನಕ್ಷೆಯ ಮೇಲೆ ನಾನಿಟ್ಟ ಮೊದಲ ಚುಕ್ಕೆಯೇ ತಪ್ಪು. ದಕ್ಷಿಣ ಕೊಡಗಿನ ಒಂದು ಕಾಫಿ ತೋಟ, ಜೂನ್ ತಿಂಗಳ ರಾತ್ರಿ, ಜಡಿಮಳೆ. ಕೆರೆದಂಡೆಯಲ್ಲಿ ಟಾರ್ಚ್ ಬೆಳಕಿಗೆ 3 ಸೆಂಟಿಮೀಟರಿನಷ್ಟು ಉದ್ದದ ಹಸಿರು ಮರಗಪ್ಪೆ ಕಂಡಿತು. 'ರಾಕೋಫೋರಸ್ ಲ್ಯಾಟರಾಲಿಸ್' ಎಂದು ಬರೆದು, ಕಾಲಿನ ಇಂಬಳ ಕಿತ್ತು, ಖುಷಿಯಾಗಿ ಮಲಗಿದೆ. ಬೆಳಿಗ್ಗೆ ಫೋಟೋ ಹಿಗ್ಗಿಸಿ ನೋಡಿದರೆ ಪಕ್ಕೆಯ ಉದ್ದಕ್ಕೂ ಇರಬೇಕಾದ ತಿಳಿ ಗೆರೆ ಇಲ್ಲ. ಬೆರಳ ನಡುವಿನ ಪೊರೆಯಲ್ಲಿ ಕೆಂಪು. ಅದು ಮಲಬಾರ್ ಹಾರುಗಪ್ಪೆಯ ಮರಿ!

ನಾನು ಹುಡುಕುವ ಲ್ಯಾಟರಾಲಿಸ್‌ಗೆ ಮೊದಲಿನಿಂದಲೂ ಸರಿಯಾದ ವಿಳಾಸವಿಲ್ಲ. 1883ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಾಣಿವಿಜ್ಞಾನಿ ಬೌಲೆಂಜರ್ ಹೆಸರಿಟ್ಟಾಗ ಸಿಕ್ಕ ಜಾಗ 'ಮಲಬಾರ್' ಎಂದಷ್ಟೇ ದಾಖಲಾಯಿತು. ಯಾವ ಬೆಟ್ಟ, ಎಷ್ಟು ಎತ್ತರ, ಯಾವ ಹಳ್ಳದ ಬದಿ? ಆ ಒಂದು ಪದದಿಂದ ಏನೂ ತಿಳಿಯದು. ನೂರು ವರ್ಷ ದಾಟಿದ ಮೇಲೆ, 2000ದಲ್ಲಿ, ಉರಗ-ಕಪ್ಪೆಗಳ ತಜ್ಞ ಇಂದ್ರನೀಲ್ ದಾಸ್ ಅವರು ಹೆಸರಿನ ಗೋಜಲು ಬಿಡಿಸಿ ಅದು ಮತ್ತೆ ಸಿಕ್ಕಿದ್ದನ್ನು ಪ್ರಕಟಿಸಿದರು. ಸಿಕ್ಕಿದ್ದು ಕೊಡಗಿನಲ್ಲೇ. ವಯನಾಡಿನಲ್ಲೂ ಇದೆ.

ಬಣ್ಣ ನಂಬುವಂತಿಲ್ಲ. ಎಲೆಹಸಿರು ಇದ್ದದ್ದು ಕಂದುಗೆಂಪಿಗೆ ತಿರುಗುವುದನ್ನು ನಾನೇ ಕಂಡಿದ್ದೇನೆ. ಎರಡನೇ ವರ್ಷದಿಂದ ಕಪ್ಪೆಯನ್ನು ಬಿಟ್ಟು ಗೂಡು ಹುಡುಕತೊಡಗಿದೆ. ಇದರ ಗೂಡು ವಿಚಿತ್ರ: ಮೊಟ್ಟೆಯಿಟ್ಟಾದ ಮೇಲೆ ಗಂಡು ತನ್ನ ದಾರಿ ಹಿಡಿಯುತ್ತದೆ, ಹೆಣ್ಣೊಂದೇ ಹಿಂಗಾಲಿನಿಂದ ಎಲೆಯ ಅಂಚುಗಳನ್ನು ಎಳೆದು ಮೊಟ್ಟೆಯ ಮೇಲೆ ಮುಚ್ಚುತ್ತದೆ, ಎಲೆಅಡಿಕೆ ಸಂಚಿಯ ಹಾಗೆ. ಕಪ್ಪೆ ವಿಜ್ಞಾನಿ ಎಸ್.ಡಿ. ಬಿಜು 2009ರಲ್ಲಿ ಇದನ್ನು ವಿವರಿಸಿದ್ದರು. ನೀರಿನ ಮೇಲೆ ತೂಗುವ ಆ ಸಂಚಿಯಿಂದ ಗೊದಮೊಟ್ಟೆಗಳು ಕೆಳಕ್ಕೆ ಬೀಳುತ್ತವೆ. ಹಾರುಗಪ್ಪೆಯೂ ನೊರೆಗೂಡಿಗೆ ಎಲೆ ಸುತ್ತಿಕೊಳ್ಳುತ್ತದೆ, ಆದರೆ ಅದು ದೊಡ್ಡದು, ಹಲವು ಎಲೆಗಳ ಕಟ್ಟು. ಒಂದೇ ಎಲೆ, ಸಣ್ಣ ಮಡಿಕೆ ಎಂದರೆ ನನ್ನದು ಎಂದುಕೊಂಡೆ.

ಎಂದುಕೊಂಡಷ್ಟು ಸುಲಭವಲ್ಲ. ಅಂಥದ್ದೊಂದು ಎಲೆಗೆ ಕೈ ಹಾಕಿದಾಗ ತೋಟದ ಕೆಲಸಗಾರರ ಲೈನ್‌ಮನೆಯ ಅಜ್ಜಿ ಕೂಗಿದರು: "ಅಯ್ಯೋ ಸಾರ್, ಅದು ಚಗಳಿ ಗೂಡು!" ಚಗಳಿ ಎಂದರೆ ಎಲೆ ಹೆಣೆದು ಗೂಡು ಕಟ್ಟುವ, ಕಚ್ಚುವ ಕೆಂಪಿರುವೆ. ತಡವಾಗಿತ್ತು. ಅಂದಿನಿಂದ ಗೂಡು ಬಿಚ್ಚುವುದಿಲ್ಲ. ಎಲೆಯ ಎದುರು ಟಾರ್ಚ್ ಹಿಡಿದರೆ ಒಳಗಿನ ಮೊಟ್ಟೆ ನೆರಳಾಗಿ ಕಾಣುತ್ತದೆ. ಆಮೇಲೆ ಕಪ್ಪೆ ಕಾಣುವವರೆಗೆ ಅಲ್ಲೇ ಕಾಯಬೇಕು. ಪಕ್ಕೆಯ ಗೆರೆ ಕಾಣುವ ಫೋಟೋ, ಎಲೆಯ ಫೋಟೋ, ಜಿಪಿಎಸ್, ಎತ್ತರ, ಈ ನಾಲ್ಕೂ ಸಿಕ್ಕರೆ ಮಾತ್ರ ಚುಕ್ಕೆ. ಗಂಡಿನ ಕೂಗು ರೆಕಾರ್ಡ್ ಆದರೆ ಇನ್ನೂ ಒಳ್ಳೆಯದು, ಆದರೆ ಆ ಮಳೆಯಲ್ಲಿ ನನ್ನ ರೆಕಾರ್ಡಿಂಗ್ ಮುಕ್ಕಾಲುಪಾಲು ಬರೀ ಮಳೆ.

ಹೋಗಿ, ಹುಡುಕಿ, ಸಿಗದ ಕೆರೆಗಳಿಗೂ ನಕ್ಷೆಯಲ್ಲಿ ಸೊನ್ನೆ ಹಾಕುತ್ತೇನೆ. ಸೊನ್ನೆಗೆ ಮೂರು ರಾತ್ರಿ ಬೇಕು, ಒಂದೇ ರಾತ್ರಿಯ ಸೊನ್ನೆ ಸೋಮಾರಿಯ ಸೊನ್ನೆ. ಎರಡು ವರ್ಷ ಗೂಡು ಕಂಡಿದ್ದ ಒಂದು ಕೆರೆಗೆ ಮೂರನೇ ವರ್ಷ ಸೊನ್ನೆಯೇ ಬಂತು. ನೀರು ತುಂಬಿತ್ತು, ಮಳೆಯೂ ಸರಿಯಿತ್ತು. ಅಜ್ಜಿಯನ್ನೇ ಕೇಳಿದೆ. "ಮಳೆಗೆ ಮುಂಚೆ ದಂಡೆ ಪೂರ್ತಿ ಕೊಚ್ಚಿಸಿದರಲ್ಲ," ಎಂದರು, "ನೀರಿನ ಮೇಲೆ ಎಲೆ ಎಲ್ಲಿ ಉಳಿದಿದೆ?"

ಮುಂದಿನ ಮಳೆಗೆ ಒಂದು ಬದಿ ಕೊಚ್ಚದೆ ಬಿಡಲು ತೋಟದವರು ಒಪ್ಪಿದ್ದಾರೆ.