ಯಾವ ಪುಸ್ತಕ ಓದಿದ್ದೀರಿ ಅಂತ ನಾನು ಕೇಳುವುದಿಲ್ಲ

ಡೆವಲಪರ್‌ಗಳ ಇಂಟರ್‌ವ್ಯೂನಲ್ಲಿ ಓದಿನ ಬಗ್ಗೆ ನಾನು ತಪ್ಪದೆ ಕೇಳುತ್ತೇನೆ. ಆದರೆ ಪುಸ್ತಕಗಳ ಪಟ್ಟಿ ಕೇಳುವುದಿಲ್ಲ. ಕೇಳಿದರೆ ಎಲ್ಲರ ಬಾಯಲ್ಲೂ ಅದೇ ನಾಲ್ಕು ಹೆಸರು ಬರುತ್ತವೆ. ಓದಿದವರೂ ಹೇಳುತ್ತಾರೆ, ಉರು ಹೊಡೆದು ಬಂದವರೂ ಹೇಳುತ್ತಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ರಾತ್ರಿ ಕೂತು ಪುಸ್ತಕ ಓದಲಿಲ್ಲ ಅಂತ ಅವರ ಅಂಕ ಕಳೆಯುವುದು ಅನ್ಯಾಯ ಅಲ್ವಾ?

ನಾನು ಕೇಳುವುದು ಇಷ್ಟೇ: "ಈಚೆಗೆ ಏನಾದರೂ ಓದಿದ ಮೇಲೆ ನಿಮ್ಮ ಕೋಡ್ ಬದಲಾಯಿಸಿದ್ದು ಇದೆಯಾ?"

ಒಬ್ಬರು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಡಾಕ್ಯುಮೆಂಟೇಶನ್ ಅಂದರು. ಒಂದು ಟ್ರಾನ್ಸಾಕ್ಷನ್‌ಗೆ (ಒಟ್ಟಾಗಿ ನಡೆಯಬೇಕಾದ ಕೆಲಸಗಳ ಗುಂಪಿಗೆ) ಬೇರೆಯವರ ಬದಲಾವಣೆ ಎಷ್ಟು ಕಾಣಬೇಕು ಅನ್ನುವುದಕ್ಕೆ ಆ ಡೇಟಾಬೇಸ್‌ನಲ್ಲಿ ಡೀಫಾಲ್ಟ್ ಆಗಿ ಇರುವ ಮಟ್ಟ ರೀಡ್ ಕಮಿಟೆಡ್. ಅಂದರೆ ಒಂದೇ ಟ್ರಾನ್ಸಾಕ್ಷನ್ ಒಳಗೆ ಒಂದೇ ಸೆಲೆಕ್ಟ್ (ಡೇಟಾ ಓದುವ ಆದೇಶ) ಎರಡು ಸಲ ಓಡಿಸಿದರೆ, ನಡುವೆ ಬೇರೆಯವರು ಡೇಟಾ ಬದಲಾಯಿಸಿದ್ದರೆ ಬೇರೆ ಬೇರೆ ಉತ್ತರ ಬರಬಹುದು. ಅದನ್ನು ಓದಿದ ಮೇಲೆ ಅವರು ಬ್ಯಾಲೆನ್ಸ್ ನೋಡುವ ಜಾಗದಲ್ಲಿ 'ಫಾರ್ ಅಪ್‌ಡೇಟ್' ಸೇರಿಸಿ ಟೇಬಲ್‌ನ ಆ ಸಾಲನ್ನು ತಮ್ಮ ಕೆಲಸ ಮುಗಿಯುವವರೆಗೆ ಬೇರೆಯವರು ಬದಲಾಯಿಸದಂತೆ ಲಾಕ್ ಮಾಡಿದ್ದರು. "ರಿಪೀಟಬಲ್ ರೀಡ್‌ಗೆ ಯಾಕೆ ಹೋಗಲಿಲ್ಲ?" ಅಂತ ಕೆದಕಿದೆ. ಆ ಮಟ್ಟದಲ್ಲಿ ಎರಡು ಸಲ ಓದಿದರೂ ಒಂದೇ ಉತ್ತರ ಬರುತ್ತದೆ. "ಆಗ ಬೇರೆ ಟ್ರಾನ್ಸಾಕ್ಷನ್ ಜೊತೆ ಡಿಕ್ಕಿಯಾಗಿ ಸೀರಿಯಲೈಸೇಶನ್ ಎರರ್ ಬಂದರೆ ಇಡೀ ಟ್ರಾನ್ಸಾಕ್ಷನ್ ಮತ್ತೆ ಓಡಿಸಬೇಕು ಸರ್, ನಮ್ಮ ಕೋಡ್‌ನಲ್ಲಿ ಅದಕ್ಕೆ ವ್ಯವಸ್ಥೆ ಇರಲಿಲ್ಲ" ಅಂದರು. ಇಂಥ ಉತ್ತರ ಉರು ಹೊಡೆದು ಬರುವುದಲ್ಲ. ಮೊದಲ ಪ್ರಶ್ನೆಗಿಂತ ಈ ಎರಡನೆಯದೇ ನನಗೆ ಜಾಸ್ತಿ ಹೇಳುತ್ತದೆ.

ಆಮೇಲೆ ಅಲ್ಲೇ ಓದಿಸುತ್ತೇನೆ. ಜಾವಾದವರಾದರೆ ಉದ್ದದ ಒಂದು ಸ್ಟ್ಯಾಕ್ ಟ್ರೇಸ್ (ಪ್ರೋಗ್ರಾಮ್ ಎಲ್ಲಿ ಕೆಟ್ಟಿತು ಅಂತ ತೋರಿಸುವ ಸಾಲುಗಳ ಪಟ್ಟಿ) ಕೊಡುತ್ತೇನೆ. ಮೇಲಿನ ಸಾಲಿನಲ್ಲಿ ಕಾಣುವುದು ಸಾಮಾನ್ಯವಾಗಿ ಫ್ರೇಮ್‌ವರ್ಕ್ (ನಾವು ಬಳಸುವ ಸಿದ್ಧ ಕೋಡ್) ಮೂಲ ದೋಷದ ಮೇಲೆ ಸುತ್ತಿಕೊಟ್ಟ ಎಕ್ಸೆಪ್ಶನ್, ಅಂದರೆ ದೋಷದ ಸೂಚನೆ. ಮೂಲ ಕಾರಣ ಕೊನೆಯ 'ಕಾಸ್ಡ್ ಬೈ' ಹತ್ತಿರ ಇರುತ್ತದೆ. ಓದುವ ಅಭ್ಯಾಸ ಇದ್ದವರು ಸೀದಾ ಕೆಳಗೆ ಸ್ಕ್ರೋಲ್ ಮಾಡಿ, ಅಲ್ಲಿಂದ ತಮ್ಮದೇ ಕೋಡ್‌ನ ಪ್ಯಾಕೇಜ್ ಹೆಸರಿರುವ ಸಾಲು ಹುಡುಕುತ್ತಾರೆ. ಉಳಿದವರು ಮೊದಲ ಸಾಲನ್ನೇ ಕಾಪಿ ಮಾಡಿ ಎಐಗೆ ಹಾಕಲು ಹೊರಡುತ್ತಾರೆ. ಎಐ ಬಳಸಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅದು ಬರೆದುಕೊಟ್ಟದ್ದನ್ನೂ ಯಾರಾದರೂ ಓದಲೇಬೇಕಲ್ಲ. ಸುಮ್ನೆ ಒಪ್ಪಿ ಮುಖ್ಯ ಕೋಡ್‌ಗೆ ಮರ್ಜ್ ಮಾಡುವವರು ನನ್ನ ಟೀಮ್‌ಗೆ ಬೇಡ.

ಹಾಗಂತ ಓದು ಒಂದನ್ನೇ ನೋಡಿ ನಾನು ಯಾರನ್ನೂ ತೆಗೆದುಕೊಂಡಿಲ್ಲ. ಚಿಕ್ಕದೊಂದು ಪ್ರೋಗ್ರಾಮ್ ಬರೆಸಿಯೇ ಬರೆಸುತ್ತೇನೆ. ಚೆನ್ನಾಗಿ ಮಾತಾಡಿದವರ ಕೋಡ್ ಕೆಟ್ಟದಾಗಿದ್ದರೆ ನಾನು ಕೋಡನ್ನೇ ನಂಬುತ್ತೇನೆ.