ಹೊಲದಿಂದ ಕಡಲಿಗೆ: ನಾವಿಕನೊಬ್ಬನ ಜಾಡು ಹಿಡಿದ ನನ್ನ ಅನುಭವ

ಅಟ್ಲಾಂಟಿಕ್ ಸಾಗರದಿಂದ ಸಾವಿರ ಮೈಲಿಗೂ ಹೆಚ್ಚು ದೂರದಲ್ಲಿರುವ ಮಿನೆಸೋಟ ರಾಜ್ಯದ ವಾಟನ್‌ವಾನ್ ಕೌಂಟಿಯ ಒಂದು ರೈತರ ಮನೆಯ ಅಟ್ಟದಲ್ಲಿ ನಾನು ಮೊದಲ ಸಲ ನಾವಿಕರ ಪೆಟ್ಟಿಗೆಯೊಂದನ್ನು ನೋಡಿದೆ. ಪೈನ್ ಮರದ ಆ ಪೆಟ್ಟಿಗೆಯ ತಳ ಅಗಲ, ಬಾಯಿ ಕಿರಿದು; ಹಡಗು ಹೊಯ್ದಾಡುವಾಗ ಮಗುಚದಿರಲೆಂದು ಹಾಗೆ ಮಾಡುತ್ತಿದ್ದರು. ಎರಡೂ ಬದಿಯ ಹಿಡಿಕೆಗಳು ಕಬ್ಬಿಣದವಲ್ಲ, ಹಗ್ಗದವು. ದಪ್ಪ ಹಗ್ಗದ ಮೇಲೆ ಸಣ್ಣ ಹುರಿಯನ್ನು ಒತ್ತೊತ್ತಾಗಿ ಸುತ್ತಿ, ತುದಿಗಳಲ್ಲಿ ರುಮಾಲು ಸುತ್ತಿದಂಥ ಗಂಟುಗಳನ್ನು ಹೆಣೆದಿದ್ದರು. ಇಷ್ಟು ವರ್ಷವಾದರೂ ಒಂದೆಳೆಯೂ ಸಡಿಲವಾಗಿರಲಿಲ್ಲ. ಮುಚ್ಚಳದ ಒಳಮೈಯಲ್ಲಿ ಮಾಸಿದ ಕೆಂಪು ಬಣ್ಣದಲ್ಲಿ ಮೂರು ಅಕ್ಷರಗಳು, ಅವುಗಳ ಕೆಳಗೆ 1853 ಎಂಬ ಇಸವಿ ಇದ್ದವು. ಮೂರನೆಯ ಅಕ್ಷರ ಎಸ್. ಆ ಮನೆತನದ ಹೆಸರು ಮಾತ್ರ ಎಸ್‌ನಿಂದ ಆರಂಭವಾಗುವುದಿಲ್ಲ.

ಆ ಮನೆಯ ಒಡತಿ ನಾವಿಕನ ಮೊಮ್ಮಗನ ಮಗಳು. ನಮಗೆ ಬಹಳ ವರ್ಷಗಳ ಪರಿಚಯ. ಹಳೆಯ ದಾಖಲೆಗಳನ್ನು ಓದುವ ನನ್ನ ಹವ್ಯಾಸ ತಿಳಿದಿದ್ದರಿಂದ, ತಮ್ಮ ಹಿರಿಯನ ಬದುಕನ್ನು ಹುಡುಕಿಕೊಡಲು ಸಾಧ್ಯವೇ ಎಂದು ಕೇಳಿದರು. ಕುಟುಂಬದಲ್ಲಿ ಮೂರು ಮಾತುಗಳು ಬಾಯಿಂದ ಬಾಯಿಗೆ ಬಂದಿದ್ದವು: ನಾರ್ವೆಯಿಂದ ಆತ ಬಂದ ಹಡಗು ನ್ಯೂಯಾರ್ಕಿನ ಬಳಿ ಒಡೆದು ಅವನೊಬ್ಬನೇ ಬದುಕುಳಿದ; ಅಮೆರಿಕದ ಅಂತರ್ಯುದ್ಧದಲ್ಲಿ ನೌಕಾಪಡೆಯ ಅಧಿಕಾರಿಯಾಗಿದ್ದ; ಮಿಡತೆಗಳು ಬೆಳೆ ತಿಂದ ವರ್ಷಗಳಲ್ಲಿ ಹೊಲವನ್ನು ಹೆಂಡತಿಗೆ ಒಪ್ಪಿಸಿ ಮತ್ತೆ ಹಡಗು ಹತ್ತಿದ. ಕುಟುಂಬದವರ ಇಚ್ಛೆಯಂತೆ ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ.

ನಾನು ಆರಂಭಿಸಿದ್ದೇ ತಪ್ಪು ತುದಿಯಿಂದ. ವಲಸೆ ಬಂದವನೆಂದರೆ ಪ್ರಯಾಣಿಕರ ಪಟ್ಟಿಯಲ್ಲಿ ಹೆಸರಿರಬೇಕೆಂದು ಭಾವಿಸಿ ಐದು ತಿಂಗಳು ಆ ಪಟ್ಟಿಗಳನ್ನೇ ಜಾಲಾಡಿದೆ. 1850ರ ದಶಕದಿಂದ ನಾರ್ವೆಯ ವಲಸಿಗರಲ್ಲಿ ಹೆಚ್ಚಿನವರು ಕೆನಡಾದ ಕ್ವಿಬೆಕ್ ಬಂದರಿಗೆ ಬಂದಿಳಿದು, ಅಲ್ಲಿಂದ ಸರೋವರಗಳ ದಾರಿ ಹಿಡಿದು ಒಳನಾಡಿಗೆ ಹೋಗುತ್ತಿದ್ದರು. ಅವರನ್ನು ತಂದ ಹಡಗುಗಳು ಮರಳುವಾಗ ಮರದ ದಿಮ್ಮಿ ತುಂಬಿಕೊಂಡು ಹೋಗುತ್ತಿದ್ದವು. ಕ್ವಿಬೆಕ್ಕಿನ ಪಟ್ಟಿಯೊಂದರಲ್ಲಿ ಅದೇ ಹೆಸರಿನ, ಹೆಚ್ಚುಕಡಿಮೆ ಅದೇ ವಯಸ್ಸಿನ ಒಬ್ಬ ಸಿಕ್ಕಾಗ ಬಹಳ ಸಂತೋಷಪಟ್ಟೆ. ಆದರೆ ಅವನ ತಂದೆಯ ಹೆಸರು ಬೇರೆ, ಊರು ನಾರ್ವೆಯ ಒಳನಾಡಿನ ಕಣಿವೆ, ಅವನು ನೆಲೆಸಿದ್ದು ವಿಸ್ಕಾನ್ಸಿನ್‌ನಲ್ಲಿ. ನಾವಿಕನಾಗಿ ಬಂದವನು ಪ್ರಯಾಣಿಕನಲ್ಲ, ಹಡಗಿನ ಸಿಬ್ಬಂದಿ. ಬಂದರಿನಲ್ಲಿ ಇಳಿದು ಮರಳಿ ಹತ್ತದಿದ್ದರೆ ಪ್ರಯಾಣಿಕರ ಪಟ್ಟಿಯಲ್ಲಿ ಅವನ ಹೆಸರು ಇರುವ ಸಂಭವವೇ ಇಲ್ಲ. ಈ ಸರಳ ಸಂಗತಿ ನನಗೆ ಮೊದಲೇ ಹೊಳೆಯಬೇಕಿತ್ತು.

ಆಮೇಲೆ ಕಡಲನ್ನು ಬದಿಗಿಟ್ಟು ಜಮೀನಿನಿಂದ ಹಿಂದಕ್ಕೆ ನಡೆಯಲು ನಿರ್ಧರಿಸಿದೆ. ನಮ್ಮಲ್ಲಿ ಜಮೀನಿನ ಪೂರ್ವಾಪರ ತಿಳಿಯಬೇಕಾದರೆ ಸರ್ವೆ ನಂಬರ್ ಹಿಡಿದು ಪಹಣಿ, ಮೂಲಪತ್ರ ತೆಗೆಸುವಂತೆ ಇಲ್ಲಿಯೂ ಅಳತೆಯ ಲೆಕ್ಕದಿಂದಲೇ ಆರಂಭಿಸಬೇಕು. ಅಮೆರಿಕದ ಮಧ್ಯಪಶ್ಚಿಮದ ನೆಲವನ್ನು ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ, ಪ್ರತಿ ಟೌನ್‌ಶಿಪ್ಪನ್ನು 640 ಎಕರೆಯ 36 ಸೆಕ್ಷನ್‌ಗಳಾಗಿ ವಿಭಾಗಿಸಿದ್ದಾರೆ. ಕುಟುಂಬದ ಬಳಿಯಿದ್ದ ತೆರಿಗೆ ರಸೀದಿಯಲ್ಲಿ ಜಮೀನಿನ ವಿವರವಿತ್ತು. ಅದನ್ನು ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಜಾಲತಾಣದಲ್ಲಿ ಹಾಕಿದಾಗ 1874ರ ಹಕ್ಕುಪತ್ರದ ಪ್ರತಿ ತಕ್ಷಣ ತೆರೆಯಿತು. ಅಧ್ಯಕ್ಷ ಲಿಂಕನ್ 1862ರ ಮೇ 20ರಂದು ಸಹಿ ಮಾಡಿದ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ, ಐದು ವರ್ಷ ವಾಸವಾಗಿದ್ದು ಸಾಗುವಳಿ ಮಾಡಿದವರಿಗೆ 160 ಎಕರೆವರೆಗೆ ಸರ್ಕಾರಿ ಭೂಮಿ ಸಿಗುತ್ತಿತ್ತು. ನಮ್ಮ ದರಖಾಸ್ತು ಜಮೀನಿನ ವ್ಯವಸ್ಥೆ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಈತನಿಗೆ ಸಿಕ್ಕಿದ್ದು 80 ಎಕರೆ ಮಾತ್ರ. ರೈಲ್ವೆ ಕಂಪನಿಗಳಿಗೆ ದಾನವಾಗಿ ಕೊಟ್ಟ ಭೂಮಿಯ ಎಲ್ಲೆಯೊಳಗೆ ಆ ಕಾಲದಲ್ಲಿ ಅರ್ಧದಷ್ಟೇ ಕೊಡುತ್ತಿದ್ದರು ಎಂಬುದು ಅದಕ್ಕೆ ಕಾರಣ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಸರ್ಕಾರ ಹೀಗೆ ಹಂಚಿದ ನೆಲ ಬರಿದಾಗಿ ಬಿದ್ದಿದ್ದ ನೆಲವಲ್ಲ. ಅದು ಡಕೋಟ ಎಂಬ ಮೂಲನಿವಾಸಿ ಜನರ ನಾಡು. 1851ರ ಟ್ರಾವರ್ಸ್ ಡೆ ಸೂ ಒಪ್ಪಂದದಲ್ಲಿ ಅದನ್ನು ಅವರಿಂದ ಪಡೆದರು. ಅವರಿಗೂ ಅಮೆರಿಕ ಸರ್ಕಾರಕ್ಕೂ ನಡೆದ 1862ರ ಯುದ್ಧದ ನಂತರ ಅವರಲ್ಲಿ ಬಹುಪಾಲು ಜನರನ್ನು ಮಿನೆಸೋಟದಿಂದಲೇ ಹೊರದಬ್ಬಿದರು. ನಾವಿಕನು ನೇಗಿಲು ಹೂಡಿದ್ದು ಅದಾದ ಏಳು ವರ್ಷಕ್ಕೆ. ಕುಟುಂಬಕ್ಕೆ ಬರೆದುಕೊಟ್ಟ ವೃತ್ತಾಂತದ ಮೊದಲ ಪುಟದಲ್ಲಿಯೇ ಇದನ್ನು ಬರೆದಿದ್ದೇನೆ.

ಹಕ್ಕುಪತ್ರ ಒಂದೇ ಹಾಳೆ. ಅದರಲ್ಲಿ ಮನುಷ್ಯ ಕಾಣುವುದಿಲ್ಲ. ಆದರೆ ಅದರ ಮೇಲಿರುವ ಭೂ ಕಚೇರಿಯ ಹೆಸರು ಮತ್ತು ಪ್ರಮಾಣಪತ್ರದ ಸಂಖ್ಯೆಯನ್ನು ಕೊಟ್ಟರೆ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಿಂದ ಇಡೀ ಕಡತದ ಪ್ರತಿಯನ್ನು ತರಿಸಿಕೊಳ್ಳಬಹುದು. ಇಂಥ ಹುಡುಕಾಟ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಹಕ್ಕುಪತ್ರ ಸಿಕ್ಕಿತೆಂದು ನಿಲ್ಲಬೇಡಿ, ಕಡತ ತರಿಸಿ. ನನಗೆ ಬಂದ ಕಡತದಲ್ಲಿ ಇಬ್ಬರು ನೆರೆಯವರ ಸಾಕ್ಷಿ ಹೇಳಿಕೆಗಳಿದ್ದವು: 14 ಅಡಿಗೆ 16 ಅಡಿಯ ಮರದ ಮನೆ, ಒಂದು ಬಾಗಿಲು, ಎರಡು ಕಿಟಕಿ, ಒಂದು ಕೊಟ್ಟಿಗೆ, ಒಂದು ಬಾವಿ, 35 ಎಕರೆ ಉತ್ತ ಭೂಮಿ. ಸಾಕ್ಷಿದಾರರಲ್ಲಿ ಒಬ್ಬ ಅಡ್ಡಗೆರೆಗಳ ಗುರುತು ಹಾಕಿದ್ದ; ನಾವಿಕನ ಸಹಿ ಮಾತ್ರ ನೀಟಾಗಿ, ಬಲಕ್ಕೆ ವಾಲಿದ ಅಕ್ಷರಗಳಲ್ಲಿತ್ತು.

ಆದರೆ ದಿನಾಂಕಗಳು ತಾಳೆಯಾಗಲಿಲ್ಲ. ಆತ ಭೂಮಿಗೆ ಅರ್ಜಿ ಹಾಕಿದ್ದು 1869ರ ಜೂನ್‌ನಲ್ಲಿ, ಅಂತಿಮ ಸಾಕ್ಷ್ಯ ಒದಗಿಸಿದ್ದು 1873ರ ಜುಲೈನಲ್ಲಿ. ಐದು ವರ್ಷ ಬೇಕಾದಲ್ಲಿ ನಾಲ್ಕೇ ವರ್ಷಕ್ಕೆ ಹೇಗೆ ಮುಗಿಯಿತು? ಗುಮಾಸ್ತನ ಕೈತಪ್ಪು ಇರಬಹುದೆಂದು ಒಂದು ವಾರ ಸುಮ್ಮನಿದ್ದೆ. ಮತ್ತೆ ಕುಳಿತು ಕಾಯಿದೆಯ ತಿದ್ದುಪಡಿಗಳನ್ನು ಓದಿದಾಗ ಉತ್ತರ ಸಿಕ್ಕಿತು: ಅಂತರ್ಯುದ್ಧದಲ್ಲಿ ಭೂಸೇನೆಯಲ್ಲಾಗಲಿ ನೌಕಾಪಡೆಯಲ್ಲಾಗಲಿ ಸೇವೆ ಸಲ್ಲಿಸಿದವರಿಗೆ ಆ ಸೇವಾವಧಿಯನ್ನು ಐದು ವರ್ಷದಲ್ಲಿ ಕಳೆದುಕೊಡಬೇಕೆಂದು 1872ರ ಕಾಯಿದೆ ವಿಧಿಸಿತ್ತು. ಕಡತದ ಕೊನೆಯಲ್ಲಿ, ಇನ್ನೊಂದು ಹಾಳೆಗೆ ಅಂಟಿಕೊಂಡಿದ್ದ ಅಫಿಡವಿಟ್ಟಿನಲ್ಲಿ ಆತ ಬೇರೆ ಹೆಸರಿನಲ್ಲಿ ನೌಕಾಪಡೆಗೆ ಸೇರಿದ್ದನ್ನೂ ತಾನೇ ಆ ವ್ಯಕ್ತಿಯೆಂಬುದನ್ನೂ ಪ್ರಮಾಣ ಮಾಡಿ ಹೇಳಿದ್ದ. ಕಳೆದುಹೋದ ಆ ಒಂದು ವರ್ಷವೇ ನನ್ನನ್ನು ಹೊಲದಿಂದ ನೀರಿಗೆ ಇಳಿಸಿತು.

ಅದೇ ಕಡತದಲ್ಲಿ ಷಿಕಾಗೊ ನಗರದ ನ್ಯಾಯಾಲಯ ಕೊಟ್ಟ ಪೌರತ್ವ ಪತ್ರವೂ ಇತ್ತು. 1871ರ ಅಕ್ಟೋಬರ್‌ನ ಮಹಾ ಬೆಂಕಿಯಲ್ಲಿ ಷಿಕಾಗೊದ ನ್ಯಾಯಾಲಯದ ದಾಖಲೆಗಳು ಸುಟ್ಟುಹೋದವು; ಆತನ ಹೆಸರಿದ್ದ ಪುಸ್ತಕವೂ ಬೂದಿಯಾಗಿರಬೇಕು. ಅದಕ್ಕೂ ಮೊದಲೇ ಈ ಹಾಳೆ ಆತನ ಜೇಬಿನಲ್ಲೋ ಪೆಟ್ಟಿಗೆಯಲ್ಲೋ ಕುಳಿತು ಹುಲ್ಲುಗಾವಲಿಗೆ ಬಂದಿದ್ದರಿಂದ ಉಳಿಯಿತು.

ಎರಡು ಹೆಸರುಗಳ ಗೋಜಲು ಬಿಡಿಸಲು ನನಗೆ ನಮ್ಮ ಪದ್ಧತಿಯೇ ನೆರವಾಯಿತು. ನನ್ನ ಹೆಸರಿನ ಮುಂದಿನ ಎರಡು ಅಕ್ಷರಗಳಲ್ಲಿ ಒಂದು ಊರಿನದು, ಇನ್ನೊಂದು ತಂದೆಯದು. ಇವುಗಳಲ್ಲಿ ಯಾವುದನ್ನು ಮನೆತನದ ಹೆಸರೆಂದು ಬರೆಯಬೇಕೆಂಬ ಪ್ರಶ್ನೆಯನ್ನು ಅಮೆರಿಕಕ್ಕೆ ಬಂದ ಕನ್ನಡಿಗರಲ್ಲಿ ಅನೇಕರು ಎದುರಿಸಿದ್ದಾರೆ. ಆ ಕಾಲದ ನಾರ್ವೆಯ ಹಳ್ಳಿಗನ ಸ್ಥಿತಿಯೂ ಅದೇ. ಅವನಿಗೆ ಸ್ವಂತ ಹೆಸರು, ಇಂಥವನ ಮಗ ಎಂಬ ಹೆಸರು, ಹುಟ್ಟಿದ ಜಮೀನಿನ ಹೆಸರು ಎಂದು ಮೂರಿದ್ದವು. ನೌಕಾಪಡೆಗೆ ಆತ ತಂದೆಯ ಹೆಸರನ್ನು ಕೊಟ್ಟಿದ್ದ, ಭೂ ಕಚೇರಿಗೆ ಊರಿನ ಜಮೀನಿನ ಹೆಸರನ್ನು. ಪೆಟ್ಟಿಗೆಯ ಮೇಲಿನ ಎಸ್ ಯಾವ ಮನೆತನವನ್ನೂ ಸೂಚಿಸುವುದಿಲ್ಲ; ನಾರ್ವೆಯ ಪೆಟ್ಟಿಗೆಗಳಲ್ಲಿ ಕೊನೆಯ ಎಸ್ ಎಂದರೆ ‘ಮಗ’, ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲಿ ಅದರ ಜಾಗದಲ್ಲಿ ‘ಮಗಳು’ ಎಂಬರ್ಥದ ಡಿ ಇರುತ್ತದೆ.

ನೌಕಾಪಡೆಯ ನೇಮಕಾತಿ ಪಟ್ಟಿಯಲ್ಲಿ ಆ ಹೆಸರಿನವರು ಆರು ಮಂದಿ ಸಿಕ್ಕರು. ಪಟ್ಟಿಯಲ್ಲಿ ಹುಟ್ಟಿದ ದೇಶ, ವಯಸ್ಸು, ಕಸುಬು, ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗುರುತುಗಳ ಅಂಕಣಗಳಿರುತ್ತವೆ. 1864ರ ಆಗಸ್ಟ್‌ನಲ್ಲಿ ಷಿಕಾಗೊದಲ್ಲಿ ಒಂದು ವರ್ಷದ ಅವಧಿಗೆ ಸೇರಿದ ಒಬ್ಬನ ಗುರುತಿನ ಅಂಕಣದಲ್ಲಿ ಎಡಗೈಯ ಕಿರುಬೆರಳಿನ ತುದಿಗೆಣ್ಣು ಇಲ್ಲ ಎಂದಿತ್ತು. ನಾನು ಕೂಡಲೇ ಆ ಮನೆಗೆ ಹೋಗಿ ಗೋಡೆಯ ಮೇಲಿದ್ದ ಏಕೈಕ ಛಾಯಾಚಿತ್ರವನ್ನು ಕೆಳಗಿಳಿಸಿ ಕಿಟಕಿಯ ಬೆಳಕಿನಲ್ಲಿ ಹಿಡಿದೆ. ಕುರ್ಚಿಯಲ್ಲಿ ನೆಟ್ಟಗೆ ಕುಳಿತ ಗಡ್ಡದ ಮುದುಕ. ಬಲಗೈ ಎಡಗೈಯ ಮೇಲೆ, ಆದರೆ ಪೂರ್ತಿ ಮುಚ್ಚಿಲ್ಲ. ಕಿರುಬೆರಳು ಮೊಳೆಯ ತಲೆಯಂತೆ ಮೊಟಕಾಗಿ ಕಾಣುತ್ತಿತ್ತು. ಹುಟ್ಟಿದಂದಿನಿಂದ ಆ ಚಿತ್ರವನ್ನು ನೋಡುತ್ತ ಬಂದಿದ್ದ ಮನೆಯೊಡತಿ ಅದನ್ನು ಎಂದೂ ಗಮನಿಸಿರಲಿಲ್ಲ.

ಆತ ಅಧಿಕಾರಿಯಾಗಿರಲಿಲ್ಲ, ಸಾಮಾನ್ಯ ಖಲಾಸಿಯಾಗಿದ್ದ. ಸೇವೆ ಸಲ್ಲಿಸಿದ್ದು ಮಿಸ್ಸಿಸ್ಸಿಪ್ಪಿ ನದಿಯ ಪಡೆಯಲ್ಲಿ. ನದಿಯ ಹಬೆದೋಣಿಗಳಿಗೆ ತೆಳು ಕಬ್ಬಿಣದ ತಗಡು ಹೊದಿಸಿ ಫಿರಂಗಿ ಕೂರಿಸಿದ ನೌಕೆಯೊಂದರಲ್ಲಿ. ಮಹಾಸಾಗರ ಕಂಡವನಿಗೆ ಮರಳುದಿಬ್ಬಗಳ ನಡುವೆ ತೆವಳುವ ಆ ಕೆಲಸ ಹೇಗೆ ಕಂಡಿತೋ ಎಂದು ನಾನು ಆಗಾಗ ಯೋಚಿಸಿದ್ದೇನೆ.

ಕೌಂಟಿಯ ಹಳೆಯ ಚರಿತ್ರೆಯ ಪುಸ್ತಕಗಳು ಹೆಚ್ಚೇನೂ ಕೊಡಲಿಲ್ಲ. 1890ರ ಜನಗಣತಿಯ ಬಹುಭಾಗ 1921ರ ಬೆಂಕಿಯಲ್ಲಿ ಹಾಳಾಗಿದ್ದರೂ ಅದರ ಜೊತೆ ತಯಾರಿಸಿದ್ದ ಮಾಜಿ ಯೋಧರ ಪಟ್ಟಿ ಮಿನೆಸೋಟದ ಮಟ್ಟಿಗೆ ಉಳಿದಿದೆ. ಅಲ್ಲಿ ಆತನ ಎರಡೂ ಹೆಸರುಗಳು ಒಟ್ಟಿಗೆ ಇದ್ದವು. ಆದರೆ ನಿಜವಾದ ಗಣಿ ಪಿಂಚಣಿ ಕಡತ. 1890ರಲ್ಲಿ ಪಿಂಚಣಿ ಕಾಯಿದೆಯನ್ನು ಸಡಿಲಿಸಿ, ಕನಿಷ್ಠ 90 ದಿನ ಸೇವೆ ಸಲ್ಲಿಸಿ ಈಗ ದುಡಿಯಲಾಗದವರೆಲ್ಲರಿಗೂ ಅವಕಾಶ ಕೊಟ್ಟಾಗ ಆತನೂ ಸಂಧಿವಾತದ ಕಾರಣ ಹೇಳಿ ಅರ್ಜಿ ಹಾಕಿದ. ವೈದ್ಯರ ವರದಿಯಲ್ಲಿ ಅದೇ ಕಿರುಬೆರಳು ಮತ್ತೆ ಬಂತು. 1898ರಲ್ಲಿ ಪಿಂಚಣಿ ಇಲಾಖೆ ಎಲ್ಲರಿಗೂ ಕಳುಹಿಸಿದ್ದ ಪ್ರಶ್ನಾವಳಿಗೆ ಆತ ತನ್ನ ಕೈಯಿಂದಲೇ ಉತ್ತರ ಬರೆದಿದ್ದ: ಹೆಂಡತಿಯ ತವರಿನ ಹೆಸರು, ಮದುವೆಯಾದ ಸ್ಥಳ, ಬದುಕಿದ್ದ ಮಕ್ಕಳ ಹೆಸರು ಮತ್ತು ಜನ್ಮದಿನಾಂಕ. ತಾನು ಹುಟ್ಟಿದ್ದು ನಾರ್ವೆಯ ದಕ್ಷಿಣ ತೀರದ ಆರೆಂಡಾಲ್ ಬಳಿ, 1836ರಲ್ಲಿ ಎಂದು ಅರ್ಜಿಯಲ್ಲಿ ಹೇಳಿದ್ದ. ಸೇವೆ ಮುಗಿದ ಮೇಲೆ ಎಲ್ಲೆಲ್ಲಿ ವಾಸಿಸಿದಿರಿ ಎಂಬ ಇನ್ನೊಂದು ಪ್ರಶ್ನೆಗೆ, 1875 ಮತ್ತು 1876ರ ಬೇಸಿಗೆಗಳಲ್ಲಿ ಮಿಷಿಗನ್ ಸರೋವರದ ಹಾಯಿಹಡಗುಗಳಲ್ಲಿದ್ದೆ, ಉಳಿದಂತೆ ಹೊಲದಲ್ಲೇ ಇದ್ದೆ ಎಂದು ಬರೆದಿದ್ದ.

ಕುಟುಂಬದ ಮೂರನೆಯ ಮಾತು ಹೀಗೆ ನಿಜವಾಯಿತು. 1873ರ ಜೂನ್‌ನಲ್ಲಿ ನೈಋತ್ಯ ಮಿನೆಸೋಟಕ್ಕೆ ಮಿಡತೆಗಳ ಹಿಂಡು ಬಂದಿಳಿದು 1877ರವರೆಗೂ ಕಾಟ ಕೊಟ್ಟಿತು. ಕೊನೆಯ ವರ್ಷದ ಏಪ್ರಿಲ್ 26ರಂದು ರಾಜ್ಯಪಾಲ ಜಾನ್ ಪಿಲ್ಸ್‌ಬರಿ ಇಡೀ ರಾಜ್ಯಕ್ಕೆ ಪ್ರಾರ್ಥನೆಯ ದಿನವನ್ನೇ ಘೋಷಿಸಿದರು. 1875ರ ರಾಜ್ಯ ಜನಗಣತಿಯಲ್ಲಿ ಆ ಮನೆಯಲ್ಲಿ ಹೆಂಡತಿ ಮತ್ತು ಮೂರು ಮಕ್ಕಳ ಹೆಸರು ಮಾತ್ರ ಇದ್ದದ್ದನ್ನು ನಾನು ಹಿಂದೆಯೇ ಕಂಡು, ಎಣಿಕೆದಾರ ಬಿಟ್ಟಿರಬಹುದೆಂದು ಬದಿಗೆ ಸರಿಸಿದ್ದೆ. ಇಲ್ಲದ ಹೆಸರೂ ಸಾಕ್ಷ್ಯವೇ ಎಂಬುದನ್ನು ಪಿಂಚಣಿ ಕಡತ ನನಗೆ ಕಲಿಸಿತು. ಎಂಬತ್ತು ಎಕರೆಯನ್ನು, ಮಿಡತೆ ಮೊಟ್ಟೆಯಿಟ್ಟ ಮಣ್ಣನ್ನು, ಮೂರು ಮಕ್ಕಳನ್ನು ಆ ಎರಡು ಬೇಸಿಗೆ ಒಬ್ಬಳೇ ನೋಡಿಕೊಂಡ ಹೆಂಗಸಿನ ಕೈಬರಹದ ಒಂದು ಸಾಲೂ ನನಗೆ ಸಿಕ್ಕಿಲ್ಲ ಎಂಬ ಕೊರಗು ನನ್ನಲ್ಲಿದೆ.

ಹುಟ್ಟೂರು ತಿಳಿದ ಮೇಲೆ ನಾರ್ವೆಯ ದಾಖಲೆಗಳು ಸುಲಭವಾದವು. ಅಲ್ಲಿನ ಚರ್ಚುಗಳ ಪುಸ್ತಕಗಳನ್ನು ರಾಷ್ಟ್ರೀಯ ಪತ್ರಾಗಾರವು ಡಿಜಿಟಲ್‌ಆರ್ಕಿವೆಟ್ ಎಂಬ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡುವಂತೆ ಇಟ್ಟಿದೆ. ಹಳೆಯ ಗೋಥಿಕ್ ಬರಹಕ್ಕೆ ಕಣ್ಣು ಪಳಗಲು ಎರಡು ತಿಂಗಳು ಹಿಡಿಯಿತು. ಒಬ್ಬ ಪಾದ್ರಿಯ ಬರಹದಲ್ಲಿ ತಿಂಗಳ ಹೆಸರುಗಳನ್ನು ಮೊದಲು ಗುರುತಿಸಿ, ಅವುಗಳಿಂದಲೇ ಅಕ್ಷರಮಾಲೆಯ ಪಟ್ಟಿ ಮಾಡಿಕೊಂಡೆ. ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆಯ ಹೆಸರು ಪೆಟ್ಟಿಗೆಯ ಎರಡನೆಯ ಅಕ್ಷರಕ್ಕೆ ಸರಿಹೊಂದಿತು. ನಾವಿಕರ ನೋಂದಣಿ ಪುಸ್ತಕದಲ್ಲಿ ಆತ 1853ರಲ್ಲಿ ಮೊದಲ ಸಲ ಹಡಗು ಹತ್ತಿದ್ದು, ನಂತರದ ಯಾನಗಳು, ಕೊನೆಗೆ 1857ರ ಸಾಲಿನಲ್ಲಿ ನ್ಯೂಯಾರ್ಕ್ ಎಂಬ ಹೆಸರಿನ ಪಕ್ಕ ‘ರೊಮ್ಟ್’ ಎಂಬ ಒಂದೇ ಪದ ಇತ್ತು. ಓಡಿಹೋದ ಎಂದು ಅದರ ಅರ್ಥ. ಅಮೆರಿಕದ ಹಡಗುಗಳಲ್ಲಿ ಸಂಬಳ ಬಹಳ ಹೆಚ್ಚು ಸಿಗುತ್ತಿದ್ದುದರಿಂದ ನಾರ್ವೆಯ ನಾವಿಕರು ಅಲ್ಲಿನ ಬಂದರುಗಳಲ್ಲಿ ಹೀಗೆ ಇಳಿದುಬಿಡುವುದು ಅಪರೂಪವೇನೂ ಆಗಿರಲಿಲ್ಲ. ಆದರೂ ಒಂದು ಪದವನ್ನು ನಂಬಿ ಮನೆತನದ ಕಥೆಯನ್ನು ಅಳಿಸುವುದು ಸರಿಯಲ್ಲವೆಂದು, ಅದೇ ಹಡಗಿನಲ್ಲಿದ್ದ ಇತರರ ಪುಟಗಳನ್ನು ಹುಡುಕಿದೆ. ಅವರಲ್ಲಿ ಮೂವರು ಮರುವರ್ಷ ಅದೇ ಹಡಗಿನಲ್ಲಿ ಊರಿಗೆ ಮರಳಿದ್ದರು. ಹಡಗು ಒಡೆದಿರಲಿಲ್ಲ.

ಇದನ್ನು ಮನೆಯೊಡತಿಗೆ ಹೇಳಲು ನನಗೆ ಹಿಂಜರಿಕೆಯಿತ್ತು. ಪುಟಗಳ ಪ್ರತಿಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ ಒಂದೊಂದಾಗಿ ವಿವರಿಸಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಅವರು ಕೇಳಿದ ಪ್ರಶ್ನೆ ಹಡಗಿನ ಬಗ್ಗೆ ಆಗಿರಲಿಲ್ಲ: “ಅವನು ಬದುಕಿರುವುದು ಅವನ ತಾಯಿಗೆ ಗೊತ್ತಿತ್ತೇ?”

ಅದಕ್ಕೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕು ತಿಂಗಳ ನಂತರ ತಾಯಿಯ ಆಸ್ತಿ ಹಂಚಿಕೆಯ ದಾಖಲೆ ಸಿಕ್ಕಿತು. ಆಕೆ ತೀರಿಕೊಂಡದ್ದು 1876ರಲ್ಲಿ. ವಾರಸುದಾರರ ಪಟ್ಟಿಯಲ್ಲಿ ಊರಿನಲ್ಲಿದ್ದ ಇಬ್ಬರು ಹೆಣ್ಣುಮಕ್ಕಳ ಕೆಳಗೆ ಹಿರಿಯ ಮಗನ ಹೆಸರು, ಅದರ ಮುಂದೆ ಬದುಕಿದ್ದಾನೆ, ಅಮೆರಿಕದ ಮಿನೆಸೋಟದಲ್ಲಿ ರೈತ ಎಂದು ಬರೆದಿತ್ತು. ಯಾರೋ ಆ ವಿವರವನ್ನು ಅಧಿಕಾರಿಗೆ ಹೇಳಿದ್ದರು. ಹೇಳಬೇಕಾದರೆ ಪತ್ರಗಳು ಹೋಗಿರಲೇಬೇಕು. ಆ ಸಾಲನ್ನು ಫೋನಿನಲ್ಲಿ ಓದಿದಾಗ, ನಾರ್ವೆಯ ಭಾಷೆಯಲ್ಲಿಯೇ ಇನ್ನೊಮ್ಮೆ ಓದಿ ಎಂದರು. ನನ್ನ ಉಚ್ಚಾರಣೆ ಸರಿಯಿರಲಾರದು ಎಂದು ಹೇಳಿ, ನಿಧಾನವಾಗಿ ಮತ್ತೊಮ್ಮೆ ಓದಿದೆ.